ಕೆಂಚಗಲ್ಲಿನ ಬೇವಿನ ಮರಗಳು

ಯಾದಗಿರಿ ಸೀಮೆಯ ಕೆಂಚಗಲ್ ಎಂಬ ಊರು ಹಸಿರಿನಲ್ಲಿ ಮುಳುಗೇಳುತ್ತಿದೆ ಎಂಬ ಸಂಗತಿ ಹೈದರಾಬಾದಿನ ಕುಷಾಯಿಗೂಡದ ಕನ್ನಡಿಗರಿಗೆಲ್ಲ ಗೊತ್ತು. ಗೊತ್ತಿಲ್ಲದವರೆಂದರೆ ಕೆಂಚಗಲ್ಲಿನವರು ಮಾತ್ರ. ಪಾಪ, ಅವರು ಇನ್ನೂ ತಲೆಗೆ ಟವೆಲ್ಲು ಸುತ್ತಿಕೊಂಡು ಬಿಸಿಲಲ್ಲೇ ಓಡಾಡುತ್ತಿದ್ದಾರೆ.

ಈ ಹಸಿರಿಗೆಲ್ಲ ಕಾರಣ ಭೀಮಾಶಂಕರ. ಹತ್ತಿರದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದವರು. ಯಾವುದೋ ಯಂತ್ರದ ಹೊಟ್ಟೆಯೊಳಗಿನ ಯಾವುದೋ ತಗಡಿಗೆ ಎಷ್ಟು ತೂತು, ಒಂದು ತೂತಿನಿಂದ ಇನ್ನೊಂದು ತೂತಿಗೆ ಎಷ್ಟು ಅಂತರ ಎಂದು ಬರೆದು ಬರೆದು, ಅರವತ್ತಕ್ಕೆ ಶಾಲು ಹೊದೆಸಿಕೊಂಡು ಮನೆಗೆ ಬಂದರು. ಬೇರೆಯವರು ನಿವೃತ್ತರಾದರೆ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಮಧ್ಯಾಹ್ನ ಮಲಗುತ್ತಾರೆ, ಸಂಜೆ ಸೊಸೆಯ ತಪ್ಪು ಹುಡುಕುತ್ತಾರೆ. ಇವರಿಗೆ ಸೊಸೆಯೇ ಇರಲಿಲ್ಲ. ಇದ್ದ ಒಬ್ಬಳೇ ಮಗಳು ಶೈಲಾ ಅಮೀರ್‌ಪೇಟ್‌ನ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುತ್ತ ಗಂಡನ ಮನೆಯಲ್ಲಿ ಸುಖವಾಗಿದ್ದಳು. ಹೀಗಾಗಿ ಯಜಮಾನರು ಕೋಠಿಯ ಪೇಟೆಗೆ ಹೋಗಿ ಜಲವರ್ಣದ ಟ್ಯೂಬು, ನಾಲ್ಕು ಬ್ರಶ್ಶು, ಒಂದು ಕಟ್ಟು ದಪ್ಪ ಕಾಗದ ತಂದರು. ಮೂರನೇ ಮಹಡಿಯ ಫ್ಲಾಟಿನ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಹುಟ್ಟಿದೂರನ್ನು ಬರೆಯಲು ಕುಳಿತರು. ಅದಾಗಿ ಏಳು ವರ್ಷ. ಚಿತ್ರಗಳು ನಲವತ್ತೊಂದು. ನಲವತ್ತೊಂದರಲ್ಲೂ ಕೆಂಚಗಲ್ಲಿನ ಅದೇ ಒಂದು ಓಣಿ.

"ಊರಾಗ ಇದ್ದಿದ್ದ ಮೂರು ಓಣಿ. ಉಳಿದ ಎರಡು ಓಣ್ಯಾವ್ರು ನಿಮಗೇನ್ ಅನ್ಯಾಯ ಮಾಡ್ಯಾರ್ರಿ?" ಎಂದು ಹೆಂಡತಿ ಸುಮತಿ ಕೇಳಿದ್ದಳು.

"ಆ ಓಣ್ಯಾಗ ನನಗೇನ ಕೆಲಸಿತ್ತು? ನೋಡಿದ್ದನ್ನ ಬರೀತೀನಿ."

ನೋಡಿದ್ದನ್ನು ಬರೆಯುವ ಶಿಸ್ತಿನಲ್ಲಿ ಯಜಮಾನರನ್ನು ಮೀರಿಸುವವರಿಲ್ಲ. ಪ್ರತಿ ಚಿತ್ರದ ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕ. ಅದರೊಳಗೆ ಡ್ರಾಯಿಂಗ್ ನಂಬರು, ತಾರೀಖು, ಸ್ಕೇಲು, ಎಷ್ಟನೇ ತಿದ್ದುಪಡಿ ಎಂಬ ವಿವರ. ಸೂರ್ಯ ಮುಳುಗುವ ಹೊತ್ತಿನ ಓಣಿಗೂ ಸ್ಕೇಲು! ‘ಮುಂಗಾರಿನ ಮೋಡ, ತಿದ್ದುಪಡಿ ಎರಡು’ ಎಂದು ಬರೆದ ಚಿತ್ರಕಾರ ಈ ಭೂಮಿಯ ಮೇಲೆ ಇನ್ನೊಬ್ಬನಿದ್ದರೆ ಅವನ ಕಾಲಿಗೆ ಬೀಳುತ್ತೇನೆ ಎಂದು ಸುಮತಿ ಸಾರಿದ್ದಳು. ಮನುಷ್ಯರನ್ನಂತೂ ಅವರು ಬರೆಯುತ್ತಲೇ ಇರಲಿಲ್ಲ. ಮನುಷ್ಯರು ಅಲ್ಲಾಡುತ್ತಾರೆ, ಅಳತೆಗೆ ಸಿಗುವುದಿಲ್ಲ ಎಂಬುದು ಅವರ ದೂರು.

ಚಿತ್ರಗಳಿಗೆ ಅಭಿಮಾನಿಗಳೂ ಇದ್ದರು. ಅವರಲ್ಲಿ ಮೊದಲಿಗರು ಕನ್ನಡ ಸಂಘದ ಕಾರ್ಯದರ್ಶಿ ಸುಬ್ಬರಾಯರು, ಅದೇ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದ ಮಂಡ್ಯದ ಕಡೆಯವರು. ಅವರು ಒಮ್ಮೆ ಬಂದು, ತಮ್ಮೂರನ್ನೂ ಒಂದು ಬರೆದುಕೊಡಬೇಕು, ಹಿನ್ನೆಲೆಯಲ್ಲಿ ಒಂದು ಜಲಪಾತ ಇರಲಿ ಎಂದರು.

"ನಿಮ್ಮೂರಾಗ ಜಲಪಾತ ಐತೇನ್ರಿ?"

"ಇಲ್ಲ. ಆದ್ರೆ ಇದ್ದಿದ್ರೆ ಎಷ್ಟು ಚೆನ್ನಾಗಿರೋದು ಹೇಳಿ!"

ಭೀಮಾಶಂಕರ ಕೈಮುಗಿದರು. ಸುಬ್ಬರಾಯರೂ ಬಿಡುವ ಪೈಕಿಯಲ್ಲ. ಕೆಂಚಗಲ್ಲಿನ ಚಿತ್ರವನ್ನೇ ಒಯ್ದು ತಮ್ಮ ಮನೆಯ ಹಾಲಿನ ಗೋಡೆಗೆ ತೂಗುಹಾಕಿ, ಬಂದವರಿಗೆಲ್ಲ ತಮ್ಮೂರೆಂದು ಹೇಳತೊಡಗಿದರು. ಧಾರವಾಡದವರು ನೋಡಿ ಇದು ನಮ್ಮ ಅಜ್ಜನ ಊರಿನ ಹಾಗೇ ಇದೆ ಎಂದು ಕಣ್ಣೊರೆಸಿಕೊಂಡರು. ಬೀದರದವರು ಒರೆಸಿಕೊಂಡರು. ಮೂಲೆಯ ಚೌಕವನ್ನು ಮಾತ್ರ ಯಾರೂ ಓದಲಿಲ್ಲ. ಊರನ್ನು ನೆನೆದು ಕಣ್ಣು ತುಂಬಿಕೊಳ್ಳುವವರಿಗೆ ಯಾವ ಊರಾದರೇನು, ಮರ ಇದ್ದರೆ ಸಾಕು.

ಅಳು ಬರದೆ ಇದ್ದವಳು ಸುಮತಿ ಒಬ್ಬಳೇ. ಯಾಕೆಂದರೆ ಅವಳೂ ಅದೇ ಓಣಿಯವಳು.

ಅದೇ ಓಣಿ, ಅದೇ ಸಾಲು. ಹನ್ನೊಂದು ಮನೆಗಳಲ್ಲಿ ಮೂರನೆಯದು ಭೀಮಾಶಂಕರರದು, ಕೊನೆಯದು ಸುಮತಿಯ ತವರು. ಮದುವೆಯಾದಾಗ ದಿಬ್ಬಣ ನಾಲ್ಕು ನಿಮಿಷದಲ್ಲಿ ಮುಗಿದುಹೋಗಿತ್ತು. ಬಾಜಾ ಬಜಂತ್ರಿಯವರು ಇಷ್ಟು ಬೇಗನೆ ಹೇಗೆ ನಿಲ್ಲಿಸುವುದೆಂದು ನಾಚಿ ಇನ್ನೊಂದು ಸುತ್ತು ಹಾಕಿಸಿದರು. ಆಮೇಲೆ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಅವಳು ಗಂಡನ ಮನೆಯ ಗಿಡ್ಡ ಬಾಗಿಲಿನ ಮೇಲಿನ ಕಲ್ಲಿಗೆ ಹಣೆ ಬಡಿಸಿಕೊಂಡಳು. ಬಾಸಿಂಗದ ತಗಡು ಚುಚ್ಚಿ ರಕ್ತ ಬಂತು. ಹುಬ್ಬಿನ ಮೇಲೆ ಆ ಗಾಯದ ಗುರುತು ಇನ್ನೂ ಇದೆ. ಮೂವತ್ತೊಂಬತ್ತು ವರ್ಷದಿಂದ ಜಗಳ ಬಂದಾಗಲೆಲ್ಲ ಸುಮತಿ ಅದನ್ನು ತೋರಿಸುತ್ತಾಳೆ: "ನಿಮ್ಮ ಮನಿ ಮೊದಲ ದಿನಾನ ನನಗ ಕೊಟ್ಟ ಉಡುಗೊರಿ ನೋಡ್ರಿ ಇದು."

ಅವಳಿಗೆ ಈ ಚಿತ್ರಗಳಿಂದ ಬೇಕಾಗಿದ್ದದ್ದು ಒಂದೇ: ಆ ಹನ್ನೊಂದನೆಯ ಮನೆ. ಎರಡೇ ಕೋಣೆ, ಮುಂದೊಂದು ಶಹಾಬಾದ್ ಕಲ್ಲಿನ ಕಟ್ಟೆ. ಗಂಡ ಸತ್ತ ಮೇಲೆ ಅವಳ ಅವ್ವ ಅನ್ನಮ್ಮ ಆ ಕಟ್ಟೆಯ ಮೇಲೆ ಕೂತು ಊರಿನವರ ಹಳೆ ಸೀರೆ, ಧೋತರಗಳನ್ನು ತುಂಡು ಸೇರಿಸಿ ಕೌದಿ ಹೊಲಿದುಕೊಟ್ಟು ಮಗಳನ್ನು ಸಾಕಿದವಳು. ಅವ್ವ ಹೋಗಿ ಇಪ್ಪತ್ತಾರು ವರ್ಷ. ಆ ಸಾಲಿನ ಮನೆಗಳೆಲ್ಲ ರಸ್ತೆ ಅಗಲೀಕರಣಕ್ಕೆ ಉರುಳಿ ಹನ್ನೆರಡು ವರ್ಷ. ಅವ್ವನದಾಗಲಿ ಮನೆಯದಾಗಲಿ ಒಂದು ಫೋಟೋ ಇಲ್ಲ. ಮನೆಯಲ್ಲೇ ಒಬ್ಬ ನಕ್ಷೆಗಾರನಿದ್ದಾನೆ, ಹೇಗಿದ್ದರೂ ಅದೇ ಓಣಿಯನ್ನು ಅರೆಯುತ್ತಿದ್ದಾನೆ, ಒಂದು ಸಲವಾದರೂ ಆ ಮನೆ ಬರೆಯಬಾರದೆ?

ಬರೆಯಲಿಲ್ಲ. ನಲವತ್ತೊಂದು ಚಿತ್ರಗಳಲ್ಲೂ ಹನ್ನೊಂದನೆಯ ಮನೆ ಇರಬೇಕಾದ ಜಾಗದಲ್ಲಿ ಸೊಂಪಾದ ಒಂದು ಬೇವಿನ ಮರ.

"ನಮ್ಮ ಮನಿ ಎಲ್ಲೈತ್ರಿ?"

"ಮರದ ಹಿಂದ ಐತಿ."

"ಮರ ಎಲ್ಲಿತ್ತು ಅಲ್ಲಿ?"

"ಚಿತ್ರಕ್ಕ ಒಂದು ತೂಕ ಬೇಕಾಗ್ತೈತಿ ಸುಮತಿ. ನಿನಗ ತಿಳಿಯಂಗಿಲ್ಲ."

ತೂಕ! ಬಡ ವಿಧವೆಯ ಮನೆಯಿಂದ ಚಿತ್ರದ ತೂಕ ಇಳಿಯುತ್ತದೆಂದು ಸುಮತಿ ಅರ್ಥಮಾಡಿಕೊಂಡಳು. ಅವತ್ತಿನಿಂದ ಬಾಲ್ಕನಿಗೆ ಚಹಾ ಒಯ್ದಾಗಲೆಲ್ಲ ಅವಳ ನಾಲಿಗೆಯೂ ಜೊತೆಗೇ ಹೋಗುತ್ತಿತ್ತು. ಈಚೆಗೆ ಅದಕ್ಕೆ ಮೇವೂ ಹೇರಳವಾಗಿ ಸಿಗುತ್ತಿತ್ತು. ನೀಲಿ ಬಣ್ಣ ಮುಗಿದಿದೆ ಎಂದು ಯಜಮಾನರು ಕೋಠಿಗೆ ಹೋಗಿ ಒಂದು ಟ್ಯೂಬ್ ತಂದರು. ಮುಂದಿನ ವಾರ ಮತ್ತೆ ನೀಲಿ ಮುಗಿದಿದೆ ಎಂದು ಇನ್ನೊಂದು ತಂದರು. ದೀಪಾವಳಿಗೆ ಡ್ರಾವರ್ ಒರೆಸಲು ತೆಗೆದರೆ ಮುಚ್ಚಳ ಬಿಚ್ಚದ ಆರು ನೀಲಿ ಟ್ಯೂಬ್‌ಗಳು.

"ಏನ್ರಿ, ಹುಸೇನ್ ಸಾಗರಕ್ಕ ಬಣ್ಣ ಹಚ್ಚೋ ಗುತ್ತಿಗಿ ಹಿಡದೀರೇನು?"

ಭೀಮಾಶಂಕರ ಟ್ಯೂಬ್‌ಗಳನ್ನು ನೋಡಿದರು. ಒಂದೊಂದನ್ನೇ ಎಣಿಸಿದರು. ಡ್ರಾವರ್ ಮುಚ್ಚಿದರು. ಮಾತು ಗೆದ್ದ ಖುಷಿಯಲ್ಲಿ ಸುಮತಿ ಒಳಗೆ ಹೋಗಿ ಒಗ್ಗರಣೆ ಹಾಕಿದಳು.

ಆ ವಾರವೇ ಸುಬ್ಬರಾಯರು ಬಂದರು. ಸಂಘದ ರಾಜ್ಯೋತ್ಸವ ತಿಂಗಳ ಕೊನೆಯ ಭಾನುವಾರ, ಈ ಸಲ ಜೊತೆಗೆ ‘ನಮ್ಮೂರ ನೆನಪು’ ಎಂಬ ಚಿತ್ರಪ್ರದರ್ಶನ. ವೇದಿಕೆಯ ಪಕ್ಕದಲ್ಲಿ ಭೀಮಾಶಂಕರರ ನಾಲ್ಕಡಿ ಅಗಲದ ಒಂದು ಚಿತ್ರ ಆಗಬೇಕು.

"ಇಡೀ ಓಣಿ ಬರ್ಬೇಕು ಸಾರ್. ಎಲ್ರೂ ತಮ್ಮ ತಮ್ಮ ಊರು ನೆನೆಸ್ಕೊಂಡು ಅಳ್ಬೇಕು. ಮರಗಳು ಮಾತ್ರ ಧಾರಾಳವಾಗಿರ್ಲಿ, ಹಿಂಜರೀಬೇಡಿ!"

ಅವರು ಹೋದ ಮೇಲೆ ಸುಮತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಗಂಡನ ಮುಂದೆ ನಿಂತಳು. "ಇಡೀ ಓಣಿ ಅಂದ್ರ ಹನ್ನೊಂದು ಮನಿ. ಹತ್ತು ಮನಿ ಒಂದು ಮರ ಅಲ್ಲ. ಈ ಸಲ ನಮ್ಮವ್ವನ ಮನಿ ಬರಲಿಲ್ಲಂದ್ರ ನಾ ಸಂಘದ ಮೆಟ್ಟಲಾ ಹತ್ತಂಗಿಲ್ಲ. ಯಾರರ ಕೇಳಿದ್ರ, ಮರದ ಹಿಂದ ಕುಂತಾಳ ಅಂತ ಹೇಳ್ರಿ."

"ನೋಡೂಣು," ಅಂದರು ಭೀಮಾಶಂಕರ. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ನೋಡೂಣು ಎಂದರೆ ಆಗುವುದಿಲ್ಲ ಎಂದೇ ಅರ್ಥ.

ಮರುದಿನ ಪಾತ್ರೆ ತಿಕ್ಕಲು ಹೊಸದಾಗಿ ಸೇರಿದ ಬಂಡೆಮ್ಮ ಬಂದಳು. ಅವಳ ಗಂಡ ಸಾಬಣ್ಣ ಕಟ್ಟಡಗಳಿಗೆ ಸ್ಲ್ಯಾಬ್ ಹಾಕುವ ಕೆಲಸಕ್ಕೆ ಹೋಗುತ್ತಾನೆ. ಇಬ್ಬರೂ ಹೈದರಾಬಾದಿಗೆ ಬಂದು ಎರಡು ತಿಂಗಳು. ಊರು ಕೆಂಚಗಲ್ಲಿನಿಂದ ಮೂರೇ ಮೈಲಿ. ಹಾಲಿನ ಗೋಡೆಗೆ ಒರಗಿಸಿದ್ದ ಈಚಿನ ಚಿತ್ರದ ಮುಂದೆ ಅವಳು ಕೈಯಲ್ಲಿ ಕಡಾಯಿ ಹಿಡಿದೇ ನಿಂತಳು.

"ಭಾಳ ಚಂದ ಐತ್ರಿ ಅಕ್ಕಾರ. ಕೇರಳಾ ಏನ್ರಿ ಇದು?"

"ಕೇರಳಾ ಅಲ್ಲವಾ, ಕೆಂಚಗಲ್."

"ಯಾವ ಕೆಂಚಗಲ್ರಿ?" ಬಂಡೆಮ್ಮ ಕಡಾಯಿ ಕೆಳಗಿಟ್ಟಳು. "ನಮ್ಮ ಕೆಂಚಗಲ್ಲಾ? ಅಯ್ಯ ನಮ್ಮವ್ವ! ಸಂತಿ ದಿನ ಆ ಓಣ್ಯಾಗ ಬದನಿಕಾಯಿ ಹಚ್ಚಿಕೊಂಡು ಕುಂತಾಕಿ ನಾನು. ನೆತ್ತಿ ಸುಟ್ಟು ಹಪ್ಪಳ ಆಗ್ತಿತ್ತು. ಹನುಮಪ್ಪನ ಗುಡಿ ಮುಂದ ಒಂದ ಬೇವಿನ ಗಿಡ, ಅದರ ಬುಡಕ ಕುಂದ್ರಾಕ ಹೆಣ್ಮಕ್ಕಳು ಕೂದಲಾ ಹಿಡದು ಜಗಳ ಆಡ್ತಿದ್ವಿ. ಇಷ್ಟು ಗಿಡ ಇದ್ರ ನಾವ್ಯಾಕ ಇಲ್ಲಿಗಿ ಬರ್ತಿದ್ವಿರಿ?"

ಸುಮತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಏಳು ವರ್ಷದಿಂದ ಕಾಯುತ್ತಿದ್ದ ಸಾಕ್ಷಿ ಸಿಕ್ಕಿತ್ತು. ಇವತ್ತು ಯಜಮಾನರ ನೀರಿಳಿಸಲೇಬೇಕು! ಅವರು ಬ್ಯಾಂಕಿಗೆ ಹೋಗಿದ್ದರು. ಅವಳು ದೀವಾನದ ಕೆಳಗಿನ ಚಿತ್ರಗಳನ್ನೆಲ್ಲ ಎಳೆದು ತೆಗೆದಳು. ಅವರಿವರ ಗೋಡೆ ಸೇರಿದ್ದು ಬಿಟ್ಟು ಮನೆಯಲ್ಲಿ ಇಪ್ಪತ್ತಾರು ಉಳಿದಿದ್ದವು. ಮೂಲೆಯ ಚೌಕದಲ್ಲಿ ತಾರೀಖು ಇದ್ದೇ ಇತ್ತಲ್ಲ, ಮೊದಲಿನಿಂದ ಕೊನೆಯವರೆಗೆ ಹಾಲಿನ ತುಂಬ ಸಾಲಾಗಿ ಹರಡಿ, ಪೆನ್ಸಿಲ್ ಹಿಡಿದು ಮರ ಎಣಿಸಲು ಕುಳಿತಳು.

ಮೊದಲನೆಯ ಚಿತ್ರದಲ್ಲಿ ಎರಡು ಮರ. ಒಂದು ಗುಡಿಯ ಮುಂದಿನದು, ಇನ್ನೊಂದು ಅವ್ವನ ಮನೆ ನುಂಗಿದ್ದು. ಎರಡನೆಯ ವರ್ಷವೂ ಎರಡೇ. ಮೂರನೆಯ ವರ್ಷ ಮೂರಾಯಿತು, ಕೊರೊನಾ ಕಾಲಕ್ಕೆ ಐದು, ಆಮೇಲೆ ಎಂಟು, ಹನ್ನೊಂದು. ಬಂಡೆಮ್ಮ ನೋಡಿದ ಚಿತ್ರದಲ್ಲಿ ಹದಿನಾಲ್ಕು! ಅರಣ್ಯ ಇಲಾಖೆಯವರು ನೋಡಿದರೆ ಸನ್ಮಾನ ಮಾಡುತ್ತಾರೆ ಎಂದುಕೊಂಡಳು. ಹೊಸ ಮರ ಎಲ್ಲೆಲ್ಲಿ ಬಂದಿದೆ ಎಂದು ಹಿಂದಿನ ಚಿತ್ರದ ಜೊತೆ ತಾಳೆ ನೋಡಿದಳು, ಗಂಡನನ್ನು ಸರಿಯಾಗಿ ಸಿಕ್ಕಿಸೋಣವೆಂದು.

ಮೂರನೆಯ ವರ್ಷದ ಮರ ಬಂದಿದ್ದ ಕಡೆ ಅದರ ಹಿಂದಿನ ವರ್ಷ ಹಿಟ್ಟಿನ ಗಿರಣಿ ಇತ್ತು. ತಗಡಿನ ಛಾವಣಿ, ಹೊಗೆ ಕೊಳವೆ, ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ ದರ, ಎಲ್ಲ ಇತ್ತು. ಆಮೇಲಿನ ಯಾವ ಚಿತ್ರದಲ್ಲೂ ಗಿರಣಿ ಇಲ್ಲ. ಎಂಟನೆಯ ಮರದ ಜಾಗದಲ್ಲಿ ಮೊದಲು ಸೇದೋ ಬಾವಿಯ ರಾಟೆ ಇತ್ತು. ಹನ್ನೊಂದನೆಯದರ ಜಾಗದಲ್ಲಿ ಕಿರಾಣಿ ಅಂಗಡಿಯ ಹಲಗೆ ಬಾಗಿಲು. ಅವಳು ಮಂಡಿಯೂರಿಕೊಂಡೇ ಒಂದೊಂದು ಚಿತ್ರ ದಾಟಿ ಹೋದಳು. ಎಲ್ಲಿ ಮರ ಬಂದಿದೆಯೋ ಅಲ್ಲಿ ಮೊದಲು ಒಂದು ವಸ್ತು ಇತ್ತು, ಆಮೇಲೆ ಅದು ತಿರುಗಿ ಬಂದಿರಲಿಲ್ಲ. ಡ್ರಾವರಿನ ಆರು ನೀಲಿ ಟ್ಯೂಬ್‌ಗಳು ನೆನಪಾದವು. ಸುಮತಿ ಪೆನ್ಸಿಲನ್ನು ನೆಲದ ಮೇಲಿಟ್ಟಳು.

ಭೀಮಾಶಂಕರ ಬಾಗಿಲು ತೆಗೆದು ಒಳಗೆ ಬಂದಾಗ ಅವಳು ಇನ್ನೂ ನೆಲದ ಮೇಲೇ ಇದ್ದಳು.

"ಗಿರಣಿ ಎಲ್ಲಿ ಹೋತ್ರಿ?"

"ಯಾವ ಗಿರಣಿ?"

ಅವಳು ಹಳೆಯ ಚಿತ್ರವನ್ನು ಎತ್ತಿ ತೋರಿಸಿದಳು. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು, ಬೇರೆ ಯಾರೋ ಬರೆದ ನಕ್ಷೆಯನ್ನು ತಪಾಸಣೆಗೆ ತಂದಿಟ್ಟ ಹಾಗೆ. "ಛಲೋ ಬಂದೈತಿ," ಅಂದರು. ಆಮೇಲೆ ಕುರ್ಚಿಯ ಮೇಲೆ ಕುಳಿತು ಚಪ್ಪಲಿ ಬಿಚ್ಚುವುದನ್ನೂ ಮರೆತು ಹೇಳಿದರು:

"ಫ್ಯಾಕ್ಟರಿಯಾಗ ನಮಗೊಂದು ಕಾನೂನಿತ್ತು ಸುಮತಿ. ಅಳತಿ ಗೊತ್ತಿಲ್ಲಂದ್ರ ಗೆರಿ ಹಾಕಬಾರ್ದು. ಅಂದಾಜಿನ ಮ್ಯಾಲೆ ಒಂದು ಗೆರಿ ಹಾಕಿದ್ರೂ ಮುಂದ ಯಾರೋ ಅದನ್ನ ನಂಬಿ ತಗಡು ಕತ್ತರಿಸ್ತಾರ. ಗೊತ್ತಿಲ್ಲದ ಜಾಗಾಕ್ಕ, ಇಲ್ಲಿ ಅಳತಿ ಬಾಕಿ ಅಂತ ಗುರುತಿಗಿ ಒಂದು ಮೋಡ ಬರದು ಬಿಡಬೇಕು. ಓಣ್ಯಾಗ ಮೋಡ ಹೆಂಗ ಬರೀಲಿ? ಅದಕ್ಕ ಮರ ಬರೀತೀನಿ. ಮರಕ್ಕ ಅಳತಿ ಇಲ್ಲ ನೋಡು, ಹೆಂಗ ಬರದ್ರೂ ನಡೀತೈತಿ."

"ಮತ್ತ ನಮ್ಮವ್ವನ ಮನಿ? ಅದನ್ನ ಮೊದಲನೇ ಚಿತ್ರದಾಗ ಮರ ಮಾಡೀರಲ್ಲ, ಏಳು ವರ್ಷದ ಹಿಂದ! ಆವಾಗ ನಿಮಗೇನೂ ಆಗಿರಲಿಲ್ಲ," ಎಂದಳು ಸುಮತಿ. ಸಿಟ್ಟು ತಿರುಗಿ ಬಂದದ್ದು ಅವಳಿಗೇ ಒಂದು ಆಸರೆಯಾಯಿತು.

ಭೀಮಾಶಂಕರ ಮೊದಲ ಚಿತ್ರವನ್ನು ತೆಗೆದುಕೊಂಡು ಮರದ ಬುಡದ ಮೇಲೆ ಬೆರಳಿಟ್ಟರು. "ಇದನ್ನ ನೋಡು. ಇದು ಯಾವುದು?"

ಮರದ ಬುಡದಲ್ಲಿ ಒಂದು ಚರಂಡಿ. ಅದರ ಮೇಲೆ ಮೂರು ಚಪ್ಪಡಿ, ನಡುವಿನದು ಓರೆಯಾಗಿ ಒಡೆದಿದ್ದು. ಒಡಕಿನ ಸಂದಿಯಲ್ಲಿ ಚೂರು ಹುಲ್ಲು. ಅವಳು ಬುತ್ತಿ ಹಿಡಿದು ಶಾಲೆಗೆ ಹೋಗುವಾಗ ದಿನಾ ಕಾಲು ಎಡವುತ್ತಿದ್ದ ಚಪ್ಪಡಿ. ನಲವತ್ತೊಂದು ಚಿತ್ರಗಳಲ್ಲೂ ಅದು ಇತ್ತು. ಮರವನ್ನು ಬಯ್ಯುವ ಭರದಲ್ಲಿ ಅವಳು ಒಮ್ಮೆಯೂ ಕೆಳಗೆ ನೋಡಿರಲಿಲ್ಲ.

"ನಿಮ್ಮ ಮನಿ ಮುಂದಿನ ನೆಲ ಒಂದ ನನಗ ಗೊತ್ತಿರೂದು," ಅಂದರು ಭೀಮಾಶಂಕರ. "ನಿಮ್ಮವ್ವ ಕಟ್ಟಿ ಮ್ಯಾಲೆ ಕುಂತಿರ್ತಿದ್ರು. ಒಳಗ ವಯಸ್ಸಿಗಿ ಬಂದ ಹುಡಿಗಿ. ತಲಿ ಎತ್ತಿ ನೋಡಿದ್ರ ಓಣಿ ಸುಮ್ಮನಿರ್ತಿತ್ತೇನು? ಲಗ್ನ ಆದಮ್ಯಾಲೂ ಅಷ್ಟ. ಅಳಿಯಾ ಬಂದಾ ಅಂತ ಅವ್ರು ಸೆರಗು ಎಳಕೊಂಡು ಎದ್ದು ಒಳಗ ಹೋಗಾವ್ರು, ಅವ್ರು ಹೋಗೂತನಕ ನಾ ಚಪ್ಪಡಿ ನೋಡ್ಕೋಂತ ನಿಲ್ಲಾಂವ. ಅವರ ಮನಿ ಬಾಗಲಾ ಯಾವ ಬಣ್ಣ ಇತ್ತು ಅನ್ನೂದೂ ನನಗ ಗೊತ್ತಿಲ್ಲ. ಹೆಂಡ್ತಿ ತವರಮನಿ ಗೊತ್ತಿಲ್ಲ ಅಂತ ನಿನ್ನ ಮುಂದ ಹೆಂಗ ಹೇಳಲಿ?"

ಅದಕ್ಕೇ ಚಿತ್ರದ ತೂಕವಂತೆ! ಏಳು ವರ್ಷ ಬಡತನದ ಅವಮಾನ ಎಂದು ನುಂಗಿಕೊಂಡಿದ್ದದ್ದು ಮರ್ಯಾದೆಯಾಗಿತ್ತು. ಈ ಗಂಡಸರಿಗೆ ಬಾಯಿ ಎಂಬುದನ್ನು ದೇವರು ಚಹಾ ಕುಡಿಯಲಿಕ್ಕೆ ಮಾತ್ರ ಕೊಟ್ಟಿದ್ದಾನೆಯೇ ಎಂದು ಸುಮತಿಗೆ ಕಣ್ಣಲ್ಲಿ ನೀರೂ ಬಂತು, ಮೈಯೆಲ್ಲ ಉರಿಯಿತು.

"ಹಸರು," ಅಂದಳು. "ಬಾಗಲಾ ಹಸರಿತ್ತು. ಬರಕೋರಿ."

"ಬಣ್ಣ ಆತು. ಅಳತಿ?"

"ಅಂದಾಜಿಲೆ ಬರೀರಿ."

"ಅಂದಾಜಿಲೆ ನಾ ಬರಿಯಂಗಿಲ್ಲ."

ಗೊತ್ತಲ್ಲ, ಊರು ಮರೆತರೂ ಹಟ ಮರೆಯುವುದಿಲ್ಲ. ಸುಮತಿ ಎದ್ದು ಅಲಮಾರಿನ ಮೇಲಿನ ಟ್ರಂಕ್ ಇಳಿಸಿದಳು. ಅದರ ತಳದಲ್ಲಿ ನುಸಿಗುಳಿಗೆಯ ವಾಸನೆ ಹೊಡೆಯುವ ಒಂದು ಕೌದಿ ಇತ್ತು, ಶೈಲಾ ಹುಟ್ಟಿದಾಗ ಮಗಳ ಬಾಣಂತನಕ್ಕೆಂದು ಅವ್ವ ಹೊಲಿದುಕೊಟ್ಟದ್ದು. ಅದನ್ನು ಹಾಲಿನ ನೆಲದ ಮೇಲೆ ಹರಡಿದಳು.

"ತಗೊಳ್ರಿ ಅಳತಿ. ಕೌದಿ ಹಾಸಿ ಹೊಲಿಯಾಕ ಅವ್ವಗ ಆ ಕಟ್ಟಿ ಬಿಟ್ರ ಬ್ಯಾರೆ ಜಾಗಾ ಇರಲಿಲ್ಲ. ಕಟ್ಟಿ ದಾಟಿ ಒಂದು ಬೆರಳು ಕೆಳಗ ಇಳಿದ್ರೂ ಧೂಳು ಹತ್ತತೈತಿ ಅಂತ ಯಾವ ಕೌದಿನೂ ಕಟ್ಟಿಕಿಂತ ದೊಡ್ಡದು ಮಾಡಲಿಲ್ಲ, ಸಣ್ಣದು ಮಾಡಿದ್ರ ಕೊಟ್ಟಾವ್ರು ಬೈತಾರಂತ ಸಣ್ಣದೂ ಮಾಡಲಿಲ್ಲ. ಕಟ್ಟಿ ಅಷ್ಟ ಕೌದಿ, ಕೌದಿಯಷ್ಟ ಕಟ್ಟಿ."

ಭೀಮಾಶಂಕರ ಎದ್ದು ನಿಂತರು. ಮೇಜಿನ ಡ್ರಾವರಿನಿಂದ ಉಕ್ಕಿನ ಟೇಪ್ ತೆಗೆದರು. ಟೇಪಿನ ಒಂದು ತುದಿ ಹೆಂಡತಿಗೆ ಕೊಟ್ಟು, ಇನ್ನೊಂದು ತುದಿ ತಾವು ಹಿಡಿದು, ಅರವತ್ತೇಳರ ಮಂಡಿಯನ್ನು ನೆಲಕ್ಕೂರಿ ಕೌದಿಯನ್ನು ಅಳೆದರು. ಆರು ಅಡಿ ಒಂದೂವರೆ ಇಂಚು ಉದ್ದ, ನಾಲ್ಕು ಅಡಿ ಅಗಲ. ಒಂದು ಅಳತೆ ಸಿಕ್ಕಿದ್ದೇ ತಡ, ಮೂವತ್ತನಾಲ್ಕು ವರ್ಷದ ಡ್ರಾಫ್ಟ್ಸ್‌ಮನ್ ಅವರೊಳಗಿಂದ ಎದ್ದು ಬಂದ. ಕಟ್ಟೆಯ ಪಕ್ಕಕ್ಕೆ ಬಾಗಿಲು, ಬಾಗಿಲು ಕಟ್ಟೆಯ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ಅವ್ವ ಕಟ್ಟೆಯ ಮೇಲೆ ಕೂತಾಗ ತಲೆ ಗೂಡಿನ ದೀಪಕ್ಕೆ ತಾಗುತ್ತಿತ್ತೋ ಇಲ್ಲವೋ? ಸುಮತಿ ಹಾಲಿನ ನೆಲದ ಮೇಲೆ ಕೌದಿಯನ್ನೇ ಕಟ್ಟೆ ಮಾಡಿಕೊಂಡು ಕೂತು, ಅವ್ವನ ಹಾಗೆ ಕಾಲು ಚಾಚಿ, ಕೈ ಎತ್ತಿ ಒಂದೊಂದನ್ನೇ ತೋರಿಸಿದಳು. ಬಂಡೆಮ್ಮ ಮರುದಿನ ಬಂದು ನೋಡಿ, ಇಬ್ಬರೂ ಆಟ ಆಡುತ್ತಿದ್ದಾರೆಂದು ತಿಳಿದು ಸದ್ದಿಲ್ಲದೆ ಪಾತ್ರೆ ತಿಕ್ಕಿ ಹೋದಳು.

ಹದಿನಾಲ್ಕು ದಿನ ಈ ಸಂಭ್ರಮ ನಡೆಯಿತು. ಸುಮತಿ ಕುರ್ಚಿ ಎಳೆದುಕೊಂಡು ಹಾಳೆಯ ಬಲತುದಿಯಲ್ಲೇ ಠಿಕಾಣಿ ಹೂಡಿದಳು. ಹಸಿರು ಬಾಗಿಲು ಬಂತು, ಕಟ್ಟೆ ಬಂತು, ಅದರ ಮೇಲೆ ಅರ್ಧ ಹೊಲಿದ ಕೌದಿಯೂ ಬಂತು. ಮನುಷ್ಯರನ್ನು ಬರೆಯುವುದಿಲ್ಲವಲ್ಲ, ಕೌದಿಗೆ ಚುಚ್ಚಿಟ್ಟ ಸೂಜಿ ಬಂತು. ಅವ್ವ ನೀರು ಕುಡಿಯಲು ಒಳಗೆ ಹೋಗಿದ್ದಾಳೆ, ಈಗ ಬರುತ್ತಾಳೆ ಎಂಬಂತಿತ್ತು. ಸುಮತಿ ಅದನ್ನು ಎಷ್ಟು ಸಲ ನೋಡಿದಳೆಂದರೆ ಅಡುಗೆಮನೆಯಲ್ಲಿ ಎರಡು ಸಲ ಹಾಲು ಉಕ್ಕಿತು.

ಶನಿವಾರ ಬೆಳಿಗ್ಗೆ ಚಿತ್ರ ಒಯ್ಯಲು ಸುಬ್ಬರಾಯರು ಆಟೋ ಮಾಡಿಕೊಂಡು ಬಂದರು. ಗೋಡೆಗೆ ಒರಗಿಸಿದ್ದ ನಾಲ್ಕಡಿ ಓಣಿಯನ್ನು ನೋಡಿ ಎರಡು ಕೈ ಎತ್ತಿ ಮುಗಿದರು.

"ಅದ್ಭುತ! ಬಲಗಡೆ ಈ ಮನೆ ಬೇಡವಾಗಿತ್ತೇನೋ, ಸ್ವಲ್ಪ ಬಡವಾಯ್ತು. ಆದ್ರೆ ಎಡಗಡೆ ಈ ಹೊಸ ಮರ ಹಾಕಿದೀರಲ್ಲ ಸಾರ್, ಅದ್ರಿಂದ ಇಡೀ ಚಿತ್ರ ತುಂಬಿಕೊಂಡ್ತು ನೋಡಿ!"

ಅವ್ವನ ಮನೆಯನ್ನು ಬಡವೆಂದವರಿಗೆ ತಕ್ಕ ಉತ್ತರ ಕೊಡಲು ಸುಮತಿ ಬಾಯಿ ತೆರೆದಳು. ಎಡಗಡೆ ಹೊಸ ಮರ? ಹದಿನಾಲ್ಕು ದಿನ ಬಲತುದಿ ಬಿಟ್ಟು ಆಚೆ ನೋಡದವಳು ಈಗ ಎಡದಿಂದ ಎಣಿಸಿದಳು. ಒಂದನೆಯ ಮನೆ. ಎರಡನೆಯ ಮನೆ. ಮೂರನೆಯದು, ಸೊಂಪಾಗಿ ಬೆಳೆದ ಬೇವಿನ ಮರ.

ಅದು ಗಂಡನ ಮನೆಯ ಜಾಗ.

"ಸುಬ್ಬರಾಯರ, ಚಿತ್ರ ಇನ್ನೂ ಆಗಿಲ್ರಿ," ಎಂದಳು.

"ಆಗಿಲ್ವೆ? ನಾಳೆ ಬೆಳಿಗ್ಗೆ ಕಾರ್ಯಕ್ರಮ ಅಮ್ಮಾ! ಕೆಳಗೆ ಆಟೋ ನಿಂತಿದೆ!"

"ಆಟೋ ನಿಮ್ಮನ್ನ ಮನಿಗಿ ಮುಟ್ಟಸ್ತೈತಿ, ಹೋಗ್ರಿ. ನಿಮ್ಮ ಹಾಲಿನಾಗ ಒಂದು ಕೆಂಚಗಲ್ ಐತಲ್ಲ, ನಿಮ್ಮೂರು ಅಂತ ಅದನ್ನ ಇಡ್ರಿ. ಅಳಾವ್ರು ಅದಕ್ಕೂ ಅಳ್ತಾರ."

ಸುಬ್ಬರಾಯರು ಗಂಡನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು, ಚಪ್ಪಲಿ ಹುಡುಕಿಕೊಂಡು ಇಳಿದುಹೋದರು.

ಭೀಮಾಶಂಕರ ಬಾಲ್ಕನಿಯ ಕುರ್ಚಿಯಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. "ನೀ ಎಡಕ್ಕ ನೋಡಂಗಿಲ್ಲ ಅನ್ಕೊಂಡಿದ್ದೆ," ಅಂದರು.

"ಯಾಕ್ರಿ ಹಿಂಗ ಮಾಡಿದ್ರಿ?"

"ಎರಡು ದಿನ ಕುಂತೆ ಸುಮತಿ. ಬಾಗಲಾ ಎಷ್ಟು ಎತ್ತರ ಇತ್ತು ಅಂತ ನೆನಪಿಗಿ ಬರವಲ್ದು. ನಾ ಹುಟ್ಟಿದ ಮನಿ. ಕಣ್ಣು ಮುಚ್ಚಿದ್ರ ಬರೇ ಗ್ವಾಡಿ ಕಾಣ್ತೈತಿ. ಹಳೇ ಚಿತ್ರದಾಗಿಂದ ನಕಲು ಮಾಡಬಹುದಿತ್ತು. ಆದ್ರ ಅದನ್ನ ಬರದಾಂವ ಸರಿ ಬರದಾನ ಅಂತ ನಾ ಹೆಂಗ ನಂಬಲಿ?"

ಸುಮತಿಗೆ ಗೊಳೋ ಎಂದು ಅಳಬೇಕೆನಿಸಿತು. ಅತ್ತರೆ ಇವರು ಹೆದರುತ್ತಾರೆ. ಸುಮತಿ ಡ್ರಾವರ್ ಎಳೆದು, ನೀಲಿ ಟ್ಯೂಬ್‌ಗ‌ಳನ್ನು ಸರಿಸಿ ಟೇಪ್ ತೆಗೆದಳು. ಹಾಲಿನ ಗೋಡೆಗೆ ಬೆನ್ನು ಹಚ್ಚಿ, ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತಳು.

"ಏಳ್ರಿ ಮ್ಯಾಲೆ. ಅಳತಿ ಐತಿ."

"ಎಲ್ಲೈತಿ?"

"ಇಲ್ಲೈತಿ." ಹುಬ್ಬಿನ ಮೇಲಿನ ಗಾಯದ ಗುರುತಿಗೆ ಬೆರಳಿಟ್ಟಳು. "ನಿಮ್ಮ ಮನಿ ಕೊಟ್ಟ ಉಡುಗೊರಿ. ನೆಲದಿಂದ ಇಲ್ಲೀತನಕ ಹಿಡೀರಿ."

ಭೀಮಾಶಂಕರ ಹತ್ತಿರ ಬಂದರು. ಟೇಪಿನ ತುದಿಯನ್ನು ಅವಳ ಹಿಮ್ಮಡಿಯ ಹತ್ತಿರ ಕಾಲಿಂದ ಒತ್ತಿ ಹಿಡಿದು ಮೇಲೆಳೆದರು. ಅರ್ಧಕ್ಕೆ ನಿಲ್ಲಿಸಿ ಕೇಳಿದರು:

"ಆವತ್ತು ನೀ ಹೊಸ್ತಿಲದ ಮ್ಯಾಲೆ ನಿಂತಿದ್ದೇನ, ಕೆಳಗ ನಿಂತಿದ್ದೆ?"

"ಕೆಳಗ. ಹೊಸ್ತಿಲದ ಮ್ಯಾಲೆ ಅಕ್ಕಿ ಸೇರು ಇಟ್ಟಿದ್ರಲ್ಲ, ಅದನ್ನ ಒದಿಯೂದ ನೋಡ್ಕೋಂತ ಬಂದು ಬಡಸ್ಕೊಂಡೆ. ವಯಸ್ಸಾಗಿ ಅರ್ಧ ಇಂಚು ಕುಗ್ಗೀನಿ, ಅದನ್ನೂ ಸೇರಿಸ್ಕೊರಿ."

ಅವರು ಗಾಯದ ಮೇಲೆ ಬೆರಳಿಟ್ಟು ಅಳತೆ ಓದಿದರು. ನಾಲ್ಕು ಅಡಿ ಹತ್ತೂವರೆ. ಅರ್ಧ ಇಂಚು ಸೇರಿಸಿ ಹನ್ನೊಂದು. ಎರಡು ಸಲ ಬಾಯಲ್ಲಿ ಹೇಳಿಕೊಂಡು, ಮರೆಯುವುದರೊಳಗೆ ಹೋಗಿ ಚೀಟಿಯಲ್ಲಿ ಬರೆದರು. ಹೊಸ ಹಾಳೆ ತೆಗೆದು ಮೇಜಿಗೆ ಅಂಟಿಸಿದರು. ಮೂಲೆಯ ಚೌಕದಲ್ಲಿ ‘ತಿದ್ದುಪಡಿ ಒಂದು’ ಎಂದು ಮೊದಲೇ ಬರೆದುಬಿಟ್ಟರು.

"ಬಾಗಲಾ ಆತು," ಅಂದರು. ಮುಖದಲ್ಲಿ ಬಣ್ಣ ತಿರುಗಿ ಬಂದಿತ್ತು. "ಕಿಡಕಿ ಯಾ ಕಡೆ ಇತ್ತು?"

ಮದುವೆಯಾಗಿ ಅವಳು ಆ ಮನೆಯಲ್ಲಿದ್ದದ್ದು ಒಂದೇ ತಿಂಗಳು. ಆಮೇಲೆ ಹೈದರಾಬಾದ್. ಕಿಟಕಿ ಯಾವ ಕಡೆ ಇತ್ತೆಂದು ದೇವರಾಣೆಗೂ ಅವಳಿಗೆ ನೆನಪಿರಲಿಲ್ಲ.

"ಎಡಕ್ಕ," ಅಂದಳು ಸುಮತಿ. "ಎರಡೂವರೆ ಅಡಿ. ಬರಕೋರಿ."